ಸೋತವನು ಏಕೆ ಎದ್ದು ಹೋಗುವುದಿಲ್ಲ?

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಒಟ್ಟಿಗೇ ಉಕ್ಕಿ ಬಂದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆದಂಡೆಯ ಕಬ್ಬು ದಿನಗಟ್ಟಲೆ ನೀರಿನಲ್ಲಿ ನಿಂತಿತು. ನೀರು ಇಳಿದ ಮೇಲೆ ರೈತರು ಕೊಳೆತ ಬೆಳೆಯನ್ನು ಕಿತ್ತು ಹಾಕಿದರು, ಸಾಲ ತಂದರು, ಬೀಜದ ಕಬ್ಬು ಕೊಂಡು ಮತ್ತೆ ನಾಟಿ ಮಾಡಿದರು. ಈ ಭಾಗದ ಒಕ್ಕಲುತನಕ್ಕೆ ಸಾಲು ಸೋಲುಗಳು ಹೊಸವಲ್ಲ. ಅಥಣಿಯ ಪೂರ್ವಭಾಗದ ಒಣಭೂಮಿಯವರು 1972ರ ಬರವನ್ನು ಕಂಡವರು. ನಿಪ್ಪಾಣಿಯ ತಂಬಾಕು ಬೆಳೆಗಾರರು ದರಕ್ಕಾಗಿ 1981ರಲ್ಲಿ ಹೆದ್ದಾರಿಯ ಮೇಲೆ ಕುಳಿತು ಪೊಲೀಸರ ಗುಂಡಿಗೂ ಎದೆ ಕೊಟ್ಟವರು. ಒಂದು ವರ್ಷ ಹೋಯಿತೆಂದು ಇಲ್ಲಿ ಯಾರೂ ನೇಗಿಲನ್ನು ಅಟ್ಟಕ್ಕೆ ಹಾಕುವುದಿಲ್ಲ. ಸೋತ ಮೇಲೂ ಬಿಡದೆ ಹೂಡುವವನಿಗೇ ಊರಲ್ಲಿ ಮರ್ಯಾದೆ.

ಈ ಛಲಕ್ಕೆ ಒಂದು ತರ್ಕವೂ ಇದೆ. ಹೊಳೆ ಬೆಳೆಯನ್ನು ಒಯ್ದರೂ ಮೆಕ್ಕಲು ಮಣ್ಣನ್ನು ಬಿಟ್ಟು ಹೋಗುತ್ತದೆ. ಒಂದು ವರ್ಷ ಎಲ್ಲರ ಬೆಳೆ ಕೆಟ್ಟರೆ ಮಾಲು ಕಡಿಮೆಯಾಗಿ ಮುಂದಿನ ಸಲ ದರ ಏರಬಹುದು. ಎರಡು ವರ್ಷ ಬೀಳು ಬಿದ್ದ ಹೊಲ ಮೂರನೆಯ ವರ್ಷ ಚೆನ್ನಾಗಿ ಬರಬಹುದು. ಹಿಂದಿನ ಸುಗ್ಗಿಗೂ ಮುಂದಿನ ಸುಗ್ಗಿಗೂ ನಡುವೆ ಕಾರಣದ ಎಳೆಯೊಂದು ಇರುತ್ತದೆ. ಆದ್ದರಿಂದ ಕೆಟ್ಟ ಕಾಲ ಕಳೆಯುವವರೆಗೆ ಹಲ್ಲು ಕಚ್ಚಿ ನಿಲ್ಲುವುದು ರೈತನಿಗೆ ಮೂರ್ಖತನವಲ್ಲ.

ಇದೇ ಗುಣವನ್ನು ಮನುಷ್ಯ ಜೂಜಿನ ಹಲಗೆಯ ಮುಂದೆ ಒಯ್ದಾಗ ಏನಾಗುತ್ತದೆ ಎಂಬುದು ಬೇರೆ ಕಥೆ. ಮಟಕಾ ಚೀಟಿ ಬರೆಸುವವನೂ, ಹಿಂದಿನ ಬೆಂಚಿನಲ್ಲಿ ಕುಳಿತು ಮೊಬೈಲಿನಲ್ಲಿ ಎಲೆ ಆಡುವ ಹುಡುಗನೂ ಸೋಲಿನ ಸಾಲಿಗೆ ಸಿಕ್ಕಾಗ ಆಡುವ ಮಾತು ಒಂದೇ: "ಇಷ್ಟ ದಿನ ಹೋಗೈತಿ, ಇನ್ನ ಬರಾಕ ಬೇಕ." ಹೊಲದಲ್ಲಿ ಈ ಮಾತಿಗೆ ಅಷ್ಟಿಷ್ಟು ಅರ್ಥವಿದೆ. ಜೂಜಿನಲ್ಲಿ ಎಳ್ಳಷ್ಟೂ ಇಲ್ಲ.

ನ್ಯೂಯಾರ್ಕಿನ ಹತ್ತಿ, ಗಡಿಯ ಚೀಟಿ

ಗಡಿಭಾಗದಲ್ಲಿ 'ಓಸಿ' ಎಂದರೆ ಮಕ್ಕಳಿಗೂ ಗೊತ್ತು. ಓಪನ್, ಕ್ಲೋಜ್ ಎಂಬ ಎರಡು ಶಬ್ದಗಳ ಮೊದಲಕ್ಷರಗಳಿವು. ಇದರ ಮೂಲ ಇರುವುದು ಹತ್ತಿಯ ವ್ಯಾಪಾರದಲ್ಲಿ ಎಂಬುದು ಮಾತ್ರ ಬಹಳ ಜನಕ್ಕೆ ತಿಳಿಯದು. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಲ್ಲಿ ದಿನದ ಆರಂಭದ ದರ ಮತ್ತು ಮುಕ್ತಾಯದ ದರ ತಂತಿಯ ಮೂಲಕ ಮುಂಬೈಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಪಣ ಕಟ್ಟುವ 'ಅಂಕಡಾ ಜುಗಾರ' ಮುಂಬೈಯಲ್ಲಿ ಬೆಳೆಯಿತು. 1961ರ ಸುಮಾರಿಗೆ ನ್ಯೂಯಾರ್ಕಿನಿಂದ ಆ ಅಂಕಿಗಳು ಬರುವುದು ನಿಂತಿತು. ಅಂಕಿಗಳು ನಿಂತರೂ ಆಡುವವರು ನಿಲ್ಲಲಿಲ್ಲ. ಕಚ್ಛದಿಂದ ಬಂದು ಮುಂಬೈಯಲ್ಲಿ ನೆಲೆಸಿದ್ದ ಕಲ್ಯಾಣಜಿ ಭಗತ್ 1962ರಲ್ಲಿ ವರ್ಲಿಯಲ್ಲಿ ಅಂಕಿಗಳನ್ನು ತಾನೇ ಎತ್ತುವ ಆಟ ಶುರು ಮಾಡಿದ. 1964ರಲ್ಲಿ ರತನ್ ಖತ್ರಿ ಇನ್ನೊಂದು ಆಟ ತೆಗೆದ. ಮಣ್ಣಿನ ಮಡಕೆಯಲ್ಲಿ ಅಂಕಿ ಬರೆದ ಚೀಟಿಗಳನ್ನು ಹಾಕಿ ಎತ್ತುತ್ತಿದ್ದುದರಿಂದ ಮಟಕಾ ಎಂಬ ಹೆಸರು ನಿಂತಿತು. ಮುಂದೆ ಮಡಕೆ ಹೋಗಿ ಇಸ್ಪೀಟ್ ಎಲೆ ಬಂದರೂ ಹೆಸರು ಹೋಗಲಿಲ್ಲ. ಇಂದಿಗೂ ಚೀಟಿಗಳಲ್ಲಿ ಕಾಣುವ 'ಕಲ್ಯಾಣ' ಎಂಬುದು ಬಸವಣ್ಣನವರ ಕಲ್ಯಾಣವಲ್ಲ, ಠಾಣೆಯ ಪಕ್ಕದ ಊರೂ ಅಲ್ಲ. ಅದು ಕಲ್ಯಾಣಜಿಯ ಹೆಸರು.

ಆಟದ ರೀತಿ ಸರಳ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಮೂರನ್ನು ಎತ್ತುತ್ತಾರೆ. 3, 6, 8 ಬಂದವೆಂದು ಇಟ್ಟುಕೊಳ್ಳೋಣ. ಕೂಡಿದರೆ 17. ಕೊನೆಯ ಅಂಕಿ 7, ಅದೇ ಓಪನ್. ಕೆಲವು ತಾಸಿನ ನಂತರ ಮತ್ತೆ ಮೂರು ಅಂಕಿ ಎತ್ತಿ ಅದೇ ಲೆಕ್ಕದಲ್ಲಿ ಕ್ಲೋಜ್. ಒಂಟಿ ಅಂಕಿ ಹಿಡಿದವನಿಗೆ ವಾಡಿಕೆಯಂತೆ ಒಂದಕ್ಕೆ 9, ಎರಡೂ ಸೇರಿದ ಜೋಡಿ ಹಿಡಿದವನಿಗೆ ಒಂದಕ್ಕೆ 90.

ಗುಟ್ಟು ಇರುವುದು ಇಲ್ಲಿಯೇ. ಹತ್ತು ಅಂಕಿಗಳಲ್ಲಿ ಒಂದು ಬರುತ್ತದೆ, ಕೊಡುವುದು ಮಾತ್ರ ಒಂಬತ್ತು ಪಟ್ಟು. ಆಟ ಪೂರಾ ಪ್ರಾಮಾಣಿಕವಾಗಿ ನಡೆಯಿತೆಂದೇ ನಂಬೋಣ. ಸಲಕ್ಕೆ 10 ರೂಪಾಯಿಯಂತೆ 100 ಸಲ ಕಟ್ಟಿದವನು 1,000 ರೂಪಾಯಿ ಕೊಟ್ಟಿರುತ್ತಾನೆ. ಸರಾಸರಿಯಲ್ಲಿ ಹತ್ತು ಸಲ ಗೆದ್ದು 900 ರೂಪಾಯಿ ಪಡೆದಿರುತ್ತಾನೆ. ಉಳಿದ ನೂರು ಬುಕ್ಕಿಯದು. ಜೋಡಿಯಲ್ಲೂ ಇದೇ ಪ್ರಮಾಣ. ಗೆದ್ದವನೂ ಸೋತವನೂ ಕೂಡಿ ಈ ಪಾಲು ಕೊಡುತ್ತಾರೆ. ಅಂಕಿ ಎತ್ತುವವನಿಗೆ ಯಾವುದರ ಮೇಲೆ ಹಣ ಕಡಿಮೆ ಬಿದ್ದಿದೆ ಎಂಬುದು ಮೊದಲೇ ತಿಳಿದಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ.

ಸೋಲು ಸಾಲಾಗಿ ಬರುವುದೇಕೆ?

ಹತ್ತು ಸಲ ಕಟ್ಟಿದರೂ ಒಮ್ಮೆಯೂ ಅಂಕಿ ಬಾರದಿದ್ದರೆ ಆಡುವವನಿಗೆ ಗ್ರಹಚಾರವೆನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಸಲ ಸೋಲುವ ಸಂಭವ ಹತ್ತರಲ್ಲಿ ಒಂಬತ್ತು. ಹತ್ತೂ ಸಲ ಸೋಲುವ ಸಂಭವ ನೂರಕ್ಕೆ ಸುಮಾರು 35. ಅಂದರೆ ಮೂವರು ಆಡಿದರೆ ಅವರಲ್ಲಿ ಒಬ್ಬನಿಗೆ ಇಂತಹ 'ಗ್ರಹಚಾರ' ಇದ್ದೇ ಇರುತ್ತದೆ. ಇಪ್ಪತ್ತು ಸಲ ಸತತ ಸೋಲುವವರು ನೂರಕ್ಕೆ ಸುಮಾರು 12 ಮಂದಿ. ಸೋಲಿನ ಸಾಲು ವಿಶೇಷವಾದ ಘಟನೆಯೇ ಅಲ್ಲ. ಅದು ಬಾರದಿದ್ದರೇ ಆಶ್ಚರ್ಯಪಡಬೇಕು.

ಇಪ್ಪತ್ತು ಸಲ ಸೋತವನು ಇಪ್ಪತ್ತೊಂದನೆಯ ಸಲ ಗೆಲ್ಲುವ ಸಂಭವ ಎಷ್ಟು? ಮೊದಲ ದಿನ ಎಷ್ಟಿತ್ತೋ ಅಷ್ಟೇ, ಹತ್ತರಲ್ಲಿ ಒಂದು. ಮಡಕೆಗೆ ಹಿಂದಿನ ಇಪ್ಪತ್ತು ದಿನಗಳ ನೆನಪಿಲ್ಲ. ನೆನಪಿರುವುದು ಆಡಿದವನಿಗೆ. ಹಳೆಯ ಅಂಕಿಗಳ ಪಟ್ಟಿ ಹರಡಿಕೊಂಡು 'ಯಾವುದು ಬಹಳ ದಿನದಿಂದ ಬಂದಿಲ್ಲ' ಎಂದು ಹುಡುಕುವವರ ಶ್ರಮವನ್ನು ನೋಡಿದರೆ ಮರುಕ ಹುಟ್ಟುತ್ತದೆ. ಅಷ್ಟೇ ತಾಳ್ಮೆಯಿಂದ ಅವರು ಮಳೆಯ ಅಂಕಿಅಂಶ ಬರೆದಿಟ್ಟಿದ್ದರೆ ಏನಾದರೂ ಪ್ರಯೋಜನವಾಗುತ್ತಿತ್ತು.

ಈ ಭ್ರಮೆ ಓದುಬರಹ ಬಾರದವರದು ಎಂದೂ ಯಾರೂ ತಿಳಿಯಬೇಕಿಲ್ಲ. 1913ರ ಆಗಸ್ಟ್ 18ರಂದು ಯುರೋಪಿನ ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ರೂಲೆಟ್ ಚಕ್ರದ ಗುಂಡು ಸತತ 26 ಸಲ ಕಪ್ಪು ಮನೆಯಲ್ಲೇ ಬಿತ್ತು. ಅಲ್ಲಿದ್ದವರು ಸೂಟುಬೂಟಿನ ಶ್ರೀಮಂತರು. 'ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪು ಬರಲೇಬೇಕು' ಎಂದು ಪಣ ಏರಿಸುತ್ತ ಹೋಗಿ ಕೈ ಬರಿದು ಮಾಡಿಕೊಂಡರು. ಮಾತು ಫ್ರೆಂಚಿನಲ್ಲಿತ್ತೆಂಬುದು ಬಿಟ್ಟರೆ ಚಿಕ್ಕೋಡಿಯ ಚೀಟಿ ಬರೆಸುವವನ ಮಾತಿಗೂ ಅದಕ್ಕೂ ವ್ಯತ್ಯಾಸವಿಲ್ಲ.

ಸೋಲನ್ನು ಒಂದೇ ಹೊಡೆತಕ್ಕೆ ತೀರಿಸಲು ಪಣವನ್ನು ದುಪ್ಪಟ್ಟು ಮಾಡುತ್ತ ಹೋಗುವುದು ಹಳೆಯ ಉಪಾಯ. ಅಂದರ್ ಬಾಹರ್ ಆಟದಲ್ಲಿ ಎರಡು ಕಡೆಯ ಸಂಭವ ಹೆಚ್ಚುಕಡಿಮೆ ಸಮ. ಆದ್ದರಿಂದ ಅಲ್ಲಿ ಇದು ಬಹಳ. 10 ರೂಪಾಯಿಯಿಂದ ಶುರು ಮಾಡಿ ಪ್ರತಿ ಸೋಲಿಗೆ ದುಪ್ಪಟ್ಟು ಕಟ್ಟಿದರೆ ಹತ್ತು ಸೋಲುಗಳಲ್ಲಿ 10,230 ರೂಪಾಯಿ ಹೋಗಿರುತ್ತದೆ. ಹನ್ನೊಂದನೆಯ ಸಲ 10,240 ಕಟ್ಟಬೇಕು. ಅದನ್ನು ಗೆದ್ದರೂ ಹಿಂದಿನ ಸೋಲೆಲ್ಲ ಕಳೆದು ಉಳಿಯುವ ಲಾಭ 10 ರೂಪಾಯಿ. ಹತ್ತು ರೂಪಾಯಿಗಾಗಿ ಇಪ್ಪತ್ತು ಸಾವಿರವನ್ನು ಅಪಾಯಕ್ಕೆ ಒಡ್ಡುವ ಈ ಉಪಾಯವನ್ನು ಆಡುವವರು 'ಖಾತ್ರಿ ಲೆಕ್ಕ' ಎಂದು ಕರೆಯುವುದು ಸೋಜಿಗ.

ಪೋಕರಿನ ವೇಗ

ಮೊಬೈಲು ಬಂದ ಮೇಲೆ ಜೂಜಿನ ಮುಖ ಬದಲಾಯಿತು. ರಮ್ಮಿ, ತೀನ್ ಪತ್ತಿ, ಪೋಕರ್ ಎಲ್ಲವೂ ಅಂಗೈಗೆ ಬಂದವು. ಪೋಕರ್ ನಮ್ಮ ತೀನ್ ಪತ್ತಿಯ ದೂರದ ನೆಂಟ. ಹೆಚ್ಚು ಆಡುವ ಬಗೆಯಲ್ಲಿ ಪ್ರತಿಯೊಬ್ಬನಿಗೆ ಎರಡು ಗುಪ್ತ ಎಲೆ, ಎಲ್ಲರ ನಡುವೆ ಐದು ಬಿಚ್ಚಿದ ಎಲೆ. ಈ ಏಳರಲ್ಲಿ ಉತ್ತಮ ಐದನ್ನು ಜೋಡಿಸಿದವನು ಗೆದ್ದ. ಎದುರಾಳಿಯನ್ನು ಹೆದರಿಸಿ ಕೆಳಗಿಡಿಸುವುದೂ ಉಂಟು. ಇದರಲ್ಲಿ ಕೌಶಲಕ್ಕೆ ಸ್ಥಾನವಿದೆ ಎಂಬುದು ನಿಜ. ಆದರೆ ಕೌಶಲವಿದ್ದವನೂ ಸಾಲಾಗಿ ಸೋಲುತ್ತಾನೆ. ಎರಡು ಎಕ್ಕ ಹಿಡಿದವನು ಎರಡು ರಾಜ ಹಿಡಿದವನೆದುರು ಸರ್ವಸ್ವ ಒಡ್ಡಿದರೆ ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತಾನೆ. ಉಳಿದ 18 ಸಲ, ಯಾವ ತಪ್ಪೂ ಮಾಡದೆ, ಸೋಲುತ್ತಾನೆ. ಬಲವಾದ ಎಲೆ ಹಿಡಿದು ಸೋತವನ ಸಂಕಟ ದುರ್ಬಲ ಎಲೆ ಹಿಡಿದು ಸೋತವನ ಸಂಕಟಕ್ಕಿಂತ ದೊಡ್ಡದು. ನ್ಯಾಯ ತನ್ನ ಕಡೆಗಿತ್ತು ಎಂಬ ಸಿಟ್ಟು ಅದರೊಳಗೆ ಸೇರಿರುತ್ತದೆ.

ಆ ಸಿಟ್ಟಿನಲ್ಲಿ ಆಡುವುದಕ್ಕೆ ಪೋಕರ್ ಆಡುವವರು 'ಟಿಲ್ಟ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ತಲೆ ಕೆಡುವುದು. ತಲೆ ಕೆಟ್ಟವನು ಇಡಬಾರದ ಕಡೆ ಪಣ ಇಡುತ್ತಾನೆ, ಬಿಡಬೇಕಾದ ಎಲೆಯನ್ನು ಹಿಡಿಯುತ್ತಾನೆ. ಎಲೆಗಳು ತಂದ ಸೋಲು ಅಲ್ಲಿಗೆ ಮುಗಿದು, ಅವನೇ ತಂದುಕೊಂಡ ಸೋಲು ಶುರುವಾಗುತ್ತದೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದು ಆಡುವವನಿಗೆ ಆ ಹೊತ್ತಿನಲ್ಲಿ ಕಾಣುವುದಿಲ್ಲ.

ಎದುರುಬದುರು ಕುಳಿತು ಆಡಿದರೆ ತಾಸಿಗೆ 25-30 ಆಟ. ಎಲೆ ಕಲೆಸಬೇಕು, ಹಂಚಬೇಕು, ಚಹಾ ಬರಬೇಕು. ಯಂತ್ರಕ್ಕೆ ಇದೊಂದೂ ಬೇಡ. ಒಂದು ಮೇಜಿನಲ್ಲೇ ತಾಸಿಗೆ 60ಕ್ಕೂ ಹೆಚ್ಚು ಆಟ ನಡೆಯುತ್ತದೆ, ಒಬ್ಬನೇ ನಾಲ್ಕು ಮೇಜುಗಳಲ್ಲಿ ಆಡಲೂಬಹುದು. ಊರ ದೀಪಾವಳಿಯ ಎಲೆಯಾಟದಲ್ಲಿ ಹಲವು ವರ್ಷಕ್ಕೆ ಬರುವಷ್ಟು ದೊಡ್ಡ ಸೋಲಿನ ಸಾಲು ಮೊಬೈಲಿನಲ್ಲಿ ಒಂದು ರಾತ್ರಿಗೆ ಬರುತ್ತದೆ. ಅಡ್ಡೆಯಲ್ಲಿ ಕಿಸೆ ಖಾಲಿಯಾದರೆ ಆಟ ತಾನಾಗಿ ನಿಲ್ಲುತ್ತಿತ್ತು. ಮೊಬೈಲಿನಲ್ಲಿ ಬ್ಯಾಂಕಿನ ಖಾತೆ ಅದೇ ಪರದೆಯ ಹಿಂದಿದೆ, ಸಾಲ ಕೊಡುವ ಆ್ಯಪ್ ಅದರ ಪಕ್ಕದಲ್ಲೇ ಇದೆ.

ಇದನ್ನೇ ಕಸುಬು ಮಾಡಿಕೊಂಡವರು ಸೋಲಿನ ಸಾಲನ್ನು ನಿಭಾಯಿಸಲು ಕೆಲವು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಆಟದ ಹಣವನ್ನು ಮನೆಯ ಹಣದಿಂದ ಬೇರೆ ಇಡುವುದು, ಒಂದು ಸಲ ಕೂರಲು ಬೇಕಾದ ಮೊತ್ತದ ಕನಿಷ್ಠ ಇಪ್ಪತ್ತು ಮೂವತ್ತು ಪಟ್ಟು ಹಣವಿಲ್ಲದೆ ಆ ಮೇಜಿಗೆ ಹೋಗದಿರುವುದು, ದಿನಕ್ಕೆ ಇಷ್ಟು ಹೋದರೆ ಏಳುವುದೆಂದು ಕೂರುವ ಮೊದಲೇ ಗೊತ್ತುಮಾಡುವುದು, ಸೋಲು ಮುಂದುವರಿದರೆ ಸಣ್ಣ ಪಣದ ಮೇಜಿಗೆ ಇಳಿಯುವುದು, ಪ್ರತಿ ದಿನದ ಲೆಕ್ಕ ಬರೆಯುವುದು. ಕಟ್ಟುಪಾಡುಗಳು ಚೆನ್ನಾಗಿಯೇ ಇವೆ. ಆದರೆ ಅವೆಲ್ಲ ಕಳೆದುಕೊಳ್ಳಲು ಬೇರೆಯಾಗಿ ಇಟ್ಟ ಹಣವುಳ್ಳವರಿಗೆ. ಸಾವಿರ ಬೀಡಿ ಸುತ್ತಿ ದಿನದ ಕೂಲಿ ಎಣಿಸುವ ನಿಪ್ಪಾಣಿಯ ಮನೆಯಲ್ಲಿ ಇಪ್ಪತ್ತು ಪಟ್ಟು ಎಂಬ ಮಾತಿಗೆ ಅರ್ಥವೇನು? ಕಬ್ಬು ಬೆಳೆಗಾರನ ಮನೆಗೆ ವರ್ಷದ ದುಡಿಮೆ ಒಂದೆರಡು ಗಂಟಿನಲ್ಲಿ ಬರುತ್ತದೆ. ಆ ಗಂಟು ಬಂದ ವಾರ ಅವನಿಗೆ ತಾನು ದೊಡ್ಡ ಮೇಜಿಗೆ ಕೂರುವ ಆಸಾಮಿ ಎಂದೇ ಅನಿಸುತ್ತದೆ. ಅದರಲ್ಲಿ ಸೊಸೈಟಿಯ ಸಾಲ, ಗೊಬ್ಬರದ ಉದ್ರಿ, ಮಕ್ಕಳ ಫೀ ಎಲ್ಲವೂ ಸೇರಿವೆ ಎಂಬುದು ಸೋತ ಮೇಲೆ ನೆನಪಾಗುತ್ತದೆ.

ಸಭಿಕನ ಪಾಲು

ಪೋಕರಿನಲ್ಲಿ ಆಡುವವರು ಪರಸ್ಪರರ ವಿರುದ್ಧ ಆಡುತ್ತಾರೆಯೇ ಹೊರತು ಕಂಪನಿಯ ವಿರುದ್ಧವಲ್ಲ. ಹಾಗಾದರೆ ಕಂಪನಿಗೆ ಸಿಗುವುದೇನು? ಪ್ರತಿ ಆಟದ ಗುಡ್ಡೆಯಿಂದ ಒಂದು ಪಾಲು, ಸಾಮಾನ್ಯವಾಗಿ ನೂರಕ್ಕೆ 5ರ ಆಸುಪಾಸು. ಈ ಪ್ರಮಾಣ ಅಮೆರಿಕದವರು ಕಂಡುಹಿಡಿದದ್ದೇನೂ ಅಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಜೂಜಿನ ಮನೆ ನಡೆಸುವವನಿಗೆ 'ಸಭಿಕ' ಎಂದು ಹೆಸರು. ದೊಡ್ಡ ಗೆಲುವಿನಿಂದ ನೂರಕ್ಕೆ 5, ಸಣ್ಣ ಗೆಲುವಿನಿಂದ ನೂರಕ್ಕೆ 10 ಅವನ ಪಾಲು. ಅದರಲ್ಲಿ ರಾಜನಿಗೆ ಸಲ್ಲಬೇಕಾದದ್ದನ್ನು ಅವನು ಸಲ್ಲಿಸಬೇಕು. ಕೌಟಿಲ್ಯನೂ ನೂರಕ್ಕೆ 5 ಎಂದೇ ಹೇಳುತ್ತಾನೆ. ಮನು ಜೂಜನ್ನು ನಿಷೇಧಿಸಬೇಕೆಂದರೆ ಯಾಜ್ಞವಲ್ಕ್ಯ ಅದನ್ನು ರಾಜನ ಕಣ್ಣೆದುರಿಗೆ ಇಡಬೇಕೆಂದ. ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಇಂದು ಸಮಾರಂಭಗಳಲ್ಲಿ 'ಸಭಿಕರೇ' ಎಂದು ಜನರನ್ನು ಗೌರವದಿಂದ ಸಂಬೋಧಿಸುವವರು ಶಬ್ದದ ಹಳೆಯ ಅರ್ಥವನ್ನು ಅರಿಯದಿರುವುದೇ ಒಳ್ಳೆಯದು.

ನೂರಕ್ಕೆ ಐದು ಎಂದರೆ ಅಲ್ಪವೆನಿಸುತ್ತದೆ. ಆದರೆ ಅದೇ ಹಣ ಒಂದು ರಾತ್ರಿಯಲ್ಲಿ ನೂರಾರು ಸಲ ಗುಡ್ಡೆಗೆ ಬಿದ್ದು ಏಳುತ್ತದೆ, ಪ್ರತಿ ಸಲವೂ ಪಾಲು ಕಳೆಯುತ್ತದೆ. ಸಮಬಲದ ಆರು ಜನ ಸಾಕಷ್ಟು ಹೊತ್ತು ಆಡಿದರೆ ಆರೂ ಜನ ಸೋತಿರುತ್ತಾರೆ. 2023ರ ಅಕ್ಟೋಬರ್ 1ರಿಂದ ಆಟಕ್ಕೆ ಕಟ್ಟಿದ ಪೂರ್ಣ ಮೊತ್ತದ ಮೇಲೆ ಶೇ 28ರ ಜಿಎಸ್‌ಟಿಯೂ ಸೇರಿತು. ರಾಜನ ಪಾಲು ಸಭಿಕನ ಪಾಲನ್ನು ಮೀರಿಸಿದ ಕಾಲ ಅದು.

ಧರ್ಮರಾಯ ಮತ್ತು ನಳ

ಸೋಲಿನ ಸಾಲಿನ ಅತ್ಯಂತ ವಿವರವಾದ ಚಿತ್ರ ನಮ್ಮಲ್ಲಿರುವುದು ಮಹಾಭಾರತದ ಸಭಾಪರ್ವದಲ್ಲಿ. ಪಂಪನೂ ಕುಮಾರವ್ಯಾಸನೂ ಅದನ್ನು ಕನ್ನಡಕ್ಕೆ ತಂದರು, ಬಯಲಾಟದವರು ಊರೂರಿಗೆ ಒಯ್ದರು. ಧರ್ಮರಾಯ ಒಂದರ ಮೇಲೊಂದು ಸುಮಾರು 20 ಪಣಗಳನ್ನು ಸೋಲುತ್ತಾನೆ. ಮೊದಲು ಮುತ್ತು, ಹೊನ್ನು, ರಥ, ಆನೆ. ಆಮೇಲೆ ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಎಲ್ಲವನ್ನೂ ಧೃತರಾಷ್ಟ್ರ ಮರಳಿ ಕೊಟ್ಟ ಮೇಲೂ ಕರೆ ಬಂದೊಡನೆ ಮತ್ತೆ ಬಂದು ಕೂರುತ್ತಾನೆ, ಒಂದೇ ಎಸೆತಕ್ಕೆ 12 ವರ್ಷದ ವನವಾಸವನ್ನೂ ಒಂದು ವರ್ಷದ ಅಜ್ಞಾತವಾಸವನ್ನೂ ಗಳಿಸುತ್ತಾನೆ. ಶಕುನಿಯ ಮೋಸವನ್ನು ಎಲ್ಲರೂ ಎತ್ತಿ ಆಡುತ್ತಾರೆ. ಮೋಸದ ಅನುಮಾನ ಬಂದ ಮೇಲೂ ಧರ್ಮರಾಯ ಏಳಲಿಲ್ಲ ಎಂಬುದರ ಕಡೆಗೆ ಗಮನ ಕಡಿಮೆ. ದ್ರೌಪದಿ ಸಭೆಗೆ ಕೇಳಿಸಿದ ಪ್ರಶ್ನೆಯಂತೂ ಇಂದಿಗೂ ಹಳೆಯದಾಗಿಲ್ಲ: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು? ಹೆಂಡತಿಯ ತಾಳಿಸರವನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಆಡಿದ ಮನೆಗಳಲ್ಲಿ ಕೇಳಿಬರುವುದು ಇದೇ ಪ್ರಶ್ನೆ.

ವನವಾಸದಲ್ಲಿ ಬೃಹದಶ್ವ ಮುನಿ ಧರ್ಮರಾಯನಿಗೆ ನಳನ ಕಥೆ ಹೇಳುತ್ತಾನೆ. ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡಿಗರಿಗೆ ಇದು ಸುಪರಿಚಿತ. ನಳನೂ ತಿಂಗಳುಗಟ್ಟಲೆ ಸೋತವನೇ. ಮಂತ್ರಿಗಳ ಮಾತು, ಪ್ರಜೆಗಳ ಮಾತು, ದಮಯಂತಿಯ ಮಾತು ಯಾವುದೂ ಅವನ ಕಿವಿಗೆ ಬೀಳಲಿಲ್ಲ. ಆದರೆ ಉಳಿದದ್ದು ದಮಯಂತಿಯೊಬ್ಬಳೇ, ಅವಳನ್ನು ಇಡು ಎಂದು ಪುಷ್ಕರ ಹೇಳಿದಾಗ ನಳ ಎದ್ದ. ಆಭರಣಗಳನ್ನು ಕಳಚಿಟ್ಟು ಉಟ್ಟ ಒಂದೇ ಬಟ್ಟೆಯಲ್ಲಿ ಹೊರಬಿದ್ದ. ಮುಂದೆ ಅವನು ಋತುಪರ್ಣ ರಾಜನಿಂದ ಅಕ್ಷಹೃದಯವೆಂಬ ಪಗಡೆಯ ವಿದ್ಯೆ ಕಲಿಯುವ ಪ್ರಸಂಗ ಸ್ವಾರಸ್ಯವಾಗಿದೆ. ತಾರೆಯ ಮರವೊಂದರ ಎಲೆ ಮತ್ತು ಕಾಯಿಗಳನ್ನು ಋತುಪರ್ಣ ನೋಡಿದೊಡನೆ ಲೆಕ್ಕ ಹೇಳುತ್ತಾನೆ, ನಳ ಎಣಿಸಿ ನೋಡಿದರೆ ಸರಿಯಾಗಿಯೇ ಇರುತ್ತದೆ. ಪ್ರಾಚೀನ ಕಾಲದಲ್ಲಿ ದಾಳಗಳಾಗಿ ಬಳಕೆಯಲ್ಲಿದ್ದವೂ ಈ ತಾರೆಕಾಯಿಗಳೇ. ಜೂಜಿನ ಹೃದಯವೆಂದರೆ ಮಂತ್ರವಲ್ಲ, ಎಣಿಕೆ ಎಂಬ ತಿಳಿವಳಿಕೆ ಆ ಕಥೆ ಕಟ್ಟಿದವರಿಗಿತ್ತು.

ಎದ್ದು ಹೋಗುವುದು ಅಷ್ಟೊಂದು ಕಷ್ಟವೇಕೆ? ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತ ಇಲ್ಲಿ ನೆರವಿಗೆ ಬರುತ್ತದೆ. ನೂರು ರೂಪಾಯಿ ಬಂದ ಸಂತೋಷಕ್ಕಿಂತ ನೂರು ರೂಪಾಯಿ ಹೋದ ನೋವು ಬಹಳ ಹೆಚ್ಚು, ಅವರ ಮುಂದಿನ ಅಳತೆಯಂತೆ ಸುಮಾರು ಎರಡು ಪಟ್ಟು. ಲಾಭದಲ್ಲಿರುವ ಮನುಷ್ಯ ಎಚ್ಚರದಿಂದಿರುತ್ತಾನೆ, ನಷ್ಟದಲ್ಲಿರುವವನು ಅದನ್ನು ಅಳಿಸಲು ಎಂತಹ ಅಪಾಯಕ್ಕೂ ಕೈ ಹಾಕುತ್ತಾನೆ. ಏಳುವವರೆಗೆ ಸೋಲು ಇನ್ನೂ ಕಚ್ಚಾ ಲೆಕ್ಕ. ಎದ್ದೊಡನೆ ಅದು ಪಕ್ಕಾ ಆಗುತ್ತದೆ. ಆ ಒಂದು ಗಳಿಗೆಯನ್ನು ಮುಂದೂಡಲು ಅವನು ಕುಳಿತೇ ಇರುತ್ತಾನೆ.

ಗಡಿ ದಾಟುವ ಆಟ

ಸರ್ಕಾರಗಳು ಸುಮ್ಮನೆ ಕುಳಿತಿರಲಿಲ್ಲ. ಆದರೆ ಈ ಐದು ತಾಲ್ಲೂಕುಗಳು ಗಡಿಯಲ್ಲಿರುವುದರಿಂದ ಕಾನೂನು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ. ಈ ಪ್ರದೇಶ 1956ರವರೆಗೆ ಮುಂಬೈ ರಾಜ್ಯದಲ್ಲಿದ್ದಾಗ ಆ ಸರ್ಕಾರ ಬಹುಮಾನದ ಪದಬಂಧಗಳಿಗೆ ಕಡಿವಾಣ ಹಾಕಲು ಹೊರಟಿತ್ತು. ಮೈಸೂರು ರಾಜ್ಯದ ಬೆಂಗಳೂರಿನಿಂದ ಹೊರಡುತ್ತಿದ್ದ ಪತ್ರಿಕೆಯೊಂದು ಮುಂಬೈ ರಾಜ್ಯದೊಳಗೆ ಪದಬಂಧದ ಪ್ರವೇಶಧನ ಸಂಗ್ರಹಿಸುತ್ತಿತ್ತು. ಆ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1957ರಲ್ಲಿ ಜೂಜನ್ನು ಸಂವಿಧಾನದತ್ತ ವ್ಯಾಪಾರವೆಂದು ಗಣಿಸಲಾಗದು ಎಂದಿತು. 1968ರಲ್ಲಿ ವರದಿಯಾದ ಇನ್ನೊಂದು ತೀರ್ಪಿನಲ್ಲಿ ರಮ್ಮಿ ಪ್ರಧಾನವಾಗಿ ಕೌಶಲದ ಆಟ, ಮೂರೆಲೆಯ ಆಟ ಹಾಗಲ್ಲ ಎಂದಿತು. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ಮಹಾರಾಷ್ಟ್ರ ನಿಲ್ಲಿಸಲಿಲ್ಲ. ನಿಪ್ಪಾಣಿಯಿಂದ ಕಾಗಲ್, ಕಾಗವಾಡದಿಂದ ಮಿರಜ್ ಎಷ್ಟು ದೂರ?

ಓಸಿ ಬರೆಯುವವರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೆಯ ಕಲಮು, ಬಯಲಲ್ಲಿ ಎಲೆ ಆಡುವವರ ಮೇಲೆ 87ನೆಯ ಕಲಮು ಬೀಳುತ್ತವೆ. 2021ರಲ್ಲಿ ಈ ಕಾಯ್ದೆ ತಿದ್ದಿ ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಲಾಯಿತು. ಕೌಶಲದ ಆಟಗಳನ್ನೂ ಒಳಗೊಂಡ ಆ ತಿದ್ದುಪಡಿಯನ್ನು ಹೈಕೋರ್ಟು 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಕೊನೆಗೆ ಸಂಸತ್ತೇ ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿ, 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣವಿಟ್ಟು ಆಡುವ ಎಲ್ಲ ಆನ್‌ಲೈನ್ ಆಟಗಳಿಗೂ ಅದು ನಿಷೇಧ ಹೇರಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಅದೇ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ವರ್ಗವಾದವು. ಚೀಟಿಯ ಮೇಲೆ ಆಡಿ ಸಿಕ್ಕಿಬಿದ್ದವನು ಆರೋಪಿ, ಮೊಬೈಲಿನಲ್ಲಿ ಆಡಿದವನು ಕಾನೂನಿನ ಕಣ್ಣಿಗೆ ಬಲಿಪಶು. ಈ ಭೇದ ಬಡವನ ಪಾಲಿಗೆ ನ್ಯಾಯವೆನಿಸುವುದು ಕಷ್ಟ.

ಆಟ ನಿಂತರೂ ಸಾಲ ನಿಲ್ಲುವುದಿಲ್ಲ. ಸೋತವರ ಮನೆಯವರು ತಿಳಿದಿರಬೇಕಾದ ಒಂದು ಮಾತಿದೆ. 1872ರ ಕರಾರು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಪಣದ ಒಪ್ಪಂದ ಅಸಿಂಧು. ಜೂಜಿನಲ್ಲಿ ಗೆದ್ದ ಹಣ ಬರಬೇಕೆಂದು ಯಾರೂ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ. ಬ್ಯಾಂಕಿನ, ಸೊಸೈಟಿಯ ಸಾಲ ಮಾತ್ರ ತೀರಿಸಲೇಬೇಕು. ಎರಡನ್ನೂ ಒಂದೇ ಕಾಗದದಲ್ಲಿ, ಮುಚ್ಚುಮರೆಯಿಲ್ಲದೆ, ಬೇರೆ ಬೇರೆ ಬರೆಯುವುದರಿಂದಲೇ ಚೇತರಿಕೆ ಶುರುವಾಗುತ್ತದೆ. ಬಿಡಲಾಗದ ಜೂಜನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯೆಂದೇ ಪಟ್ಟಿ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಚಟಕ್ಕೆಂದೇ 2014ರಿಂದ ಚಿಕಿತ್ಸಾಲಯವಿದೆ. ಈ ಭಾಗದವರಿಗೆ ಹತ್ತಿರದ್ದು ಧಾರವಾಡದ ಡಿಮ್ಹಾನ್ಸ್. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಆಪ್ತಸಲಹೆ ಉಚಿತ.

ಆಪ್ತಸಲಹೆಯಲ್ಲಿ ಸಾಮಾನ್ಯವಾಗಿ ಮೊದಲು ಕೇಳಿಬರುವ ಸೂಚನೆ, ಹಣ ಆಡುವವನ ಕೈಗೆ ಸಿಗದಂತೆ ಮಾಡಿ ಎಂಬುದು. ದಮಯಂತಿ ಮಾಡಿದ್ದೂ ಅದನ್ನೇ. ನಳ ಇನ್ನೂ ಹಲಗೆಯ ಮುಂದೆ ಕುಳಿತಿರುವಾಗಲೇ ಅವಳು ಸಾರಥಿ ವಾರ್ಷ್ಣೇಯನನ್ನು ಕರೆಸಿ, ಇಬ್ಬರು ಮಕ್ಕಳನ್ನೂ ರಥದಲ್ಲಿ ಕೂರಿಸಿ ತವರಾದ ಕುಂಡಿನಪುರಕ್ಕೆ ಕಳಿಸಿಬಿಟ್ಟಳು. ಪಣಕ್ಕೆ ಇಡಲು ಆ ರಥ, ಆ ಕುದುರೆಗಳೂ ಉಳಿಯಲಿಲ್ಲ. ಇಂದಿನ ಮನೆಗಳಲ್ಲಿ ಆ ರಥದ ಜಾಗದಲ್ಲಿ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಜಮೆಯಾಗುವ ಬ್ಯಾಂಕಿನ ಖಾತೆ ಇದೆ. ಅದನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಾಡಿಸಿ, ಇಬ್ಬರ ಸಹಿಯಿಲ್ಲದೆ ಹಣ ಹೊರಡದಂತೆ ಬರೆದುಕೊಡಬಹುದು. ಕಾರ್ಖಾನೆಗಳ ನುರಿಸುವ ಹಂಗಾಮು ಶುರುವಾಗುವ ಮೊದಲೇ ಬ್ಯಾಂಕಿಗೆ ಹೋಗಿ ಮುಗಿಸಬಹುದಾದ ಕೆಲಸ ಅದು.